ಅಹಮದಾಬಾದಿಗೆ ಗೇರುಬೀಜ, ನನಗೆ ಎದೆನಡುಕ

ಹೆದರುವವನನ್ನೇ ಹುಡುಕಿಕೊಂಡು ಹೆದರಿಸುವ ಸಂಗತಿಗಳು ಬರುತ್ತವೆ. ತೋಡಾರಿನ ರಸ್ತೆ ಬದಿಯ ಲಾರಿ ಆಫೀಸಿನಲ್ಲಿ ಕೂತು, ಹೊರರಾಜ್ಯಕ್ಕೆ ಹೋಗುವ ಲಾರಿಗಳ ದಾರಿ, ಪರ್ಮಿಟ್ಟು, ಕಾಗದಪತ್ರ ನೋಡಿಕೊಳ್ಳುವ ನನಗೆ ಇದು ಆಗಾಗ ರುಜುವಾತಾಗುತ್ತದೆ. ಹಗ್ಗ ಕಂಡರೂ ಹಾವು ಎನ್ನುವ ಜಾತಿ ನನ್ನದು, ಒಪ್ಪಿಕೊಳ್ಳುತ್ತೇನೆ.

ಆದರೆ ಈ ಸಲದ ಹೆದರಿಕೆಗೆ ಕಾರಣವಿತ್ತು. ಲಾರಿಯ ಡ್ರೈವರು ನನ್ನ ತಂಗಿಯ ಗಂಡ. ಹಿಂದಿನ ಸಲ ಎರಡು ದಿನದ ದಾರಿಯನ್ನು ನಿದ್ದೆಗೆಟ್ಟು ಒಂದೇ ದಿನದಲ್ಲಿ ಮುಗಿಸಲು ಹೋಗಿ, ಸ್ಟೇರಿಂಗ್ ಹಿಡಿದೇ ತೂಕಡಿಸಿ, ಮೋರಿಗೆ ಗುದ್ದಿ, ಮೂರು ತಿಂಗಳು ಮಂಚ ಹಿಡಿದಿದ್ದ. ಈಗ ಮತ್ತೆ ಹೊರಟಿದ್ದಾನೆ ಎಂದು ತಿಳಿದದ್ದೇ ತಂಗಿ ಬೆಳುವಾಯಿಯಿಂದ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಅಣ್ಣ, ಕಳಿಸುವುದು ನೀನು, ವಾಪಸ್ ತರುವುದೂ ನೀನೇ. ಅವರಿಗೆ ಏನಾದ್ರೂ ಆದ್ರೆ ನನ್ನ ಮನೆ ಮೆಟ್ಟಿಲು ಹತ್ತಬೇಡ."

ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

೧. ದಾರಿಯ ಪಟ್ಟಿ

ಬೆಳ್ತಂಗಡಿಯ ಕಾರ್ಖಾನೆಯಿಂದ ಅಹಮದಾಬಾದಿಗೆ ಗೇರುಬೀಜ ಹೋಗಬೇಕು. ಮೂರು ದಿನ ಕೂತು ಪಟ್ಟಿ ಮಾಡಿದೆ. ದಿನಕ್ಕೆ ಎಂಟು ಗಂಟೆ ಓಟ, ಎಂಟು ಗಂಟೆ ನಿದ್ದೆ. ಎರಡೆರಡು ಗಂಟೆಗೊಮ್ಮೆ ಇಳಿದು ಟಯರು ತಟ್ಟಿ ನೋಡಬೇಕು. ಘಾಟಿ ಏನಿದ್ದರೂ ಬೆಳಕಿನಲ್ಲೇ. ಇನ್ಶೂರೆನ್ಸು, ಫಿಟ್ನೆಸ್ಸು, ಹೊಗೆ ಸರ್ಟಿಫಿಕೇಟು ಯಾವುದೂ ದಾರಿ ಮಧ್ಯೆ ಮುಗಿಯಬಾರದು. ಸರಕಿನ ಇ-ವೇ ಬಿಲ್ಲಿಗೆ ಇನ್ನೂರು ಕಿಲೋಮೀಟರಿಗೆ ಒಂದು ದಿನದ ಅವಧಿ. ಅದರೊಳಗೆ ಲಾರಿ ಮುಟ್ಟಬೇಕು.

ಕಾರ್ಖಾನೆಯ ಧಣಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ ಕನ್ನಡಕ ತೆಗೆದರು.

"ಮಾರಾಯ್ರೆ, ನಮ್ಮ ರಸ್ತೆಯಲ್ಲಿ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗುವವರೂ ಇಷ್ಟು ಸಲ ಕೂತ್ಕೊಳ್ಳುವುದಿಲ್ಲ!"

೨. ಒಂದು ಕ್ವಿಂಟಾಲ್

ಲೋಡು ತುಂಬಿ ಬಿ.ಸಿ.ರೋಡಿನ ಬಳಿ ತೂಕಕ್ಕೆ ನಿಲ್ಲಿಸಿದೆವು. ಮಿತಿಗಿಂತ ಒಂದು ಕ್ವಿಂಟಾಲ್ ಹೆಚ್ಚು! ಗಡಿಯಲ್ಲಿ ದಂಡ, ಲಾರಿ ಜಪ್ತಿ, ಗುರುತಿಲ್ಲದ ಊರಿನ ಸ್ಟೇಷನ್ನಿನಲ್ಲಿ ಭಾವ, ಬೆಳುವಾಯಿಯಲ್ಲಿ ತಂಗಿ, ಎಲ್ಲವೂ ಒಂದೇ ಉಸಿರಿನಲ್ಲಿ ಕಂಡವು.

ಕ್ಯಾಬಿನ್ನಿನಲ್ಲಿ ಒಂದು ಚೀಲ ಕುಚ್ಚಲಕ್ಕಿ ಇತ್ತು. ಅದನ್ನು ಇಳಿಸು ಎಂದೆ.

"ಬೇಕಾದ್ರೆ ಗೇರುಬೀಜ ಇಳಿಸುವ. ಅಕ್ಕಿ ಇಳಿಸ್ಲಿಕ್ಕಿಲ್ಲ," ಎಂದ ಭಾವ. "ಅಲ್ಲಿಯ ರೊಟ್ಟಿ ತಿಂದು ನನಗೆ ಆಗುವುದಿಲ್ಲ."

ತೂಕದವನು ನಮ್ಮ ಜಗಳ ಕೇಳಿ ಬೇಸತ್ತು ತಾನೇ ಲಾರಿ ಹತ್ತಿದ. ಸೀಟಿನ ಹಿಂದಿನಿಂದ, ಟೂಲ್ ಪೆಟ್ಟಿಗೆಯಿಂದ, ಟಾರ್ಪಾಲಿನ ಅಡಿಯಿಂದ ಒಂದೊಂದೇ ಹೊರಗೆ ಬಂತು: ಹೆಚ್ಚಿನದೊಂದು ಸ್ಟೆಪ್ನಿ, ಎರಡನೇ ಜಾಕು, ಕಬ್ಬಿಣದ ಸರಪಳಿ, ಬೆಂಕಿ ಬಿದ್ದರೆ ಇರಲಿ ಎಂದು ಒಂದು ಮೂಟೆ ಮರಳು. ಎಲ್ಲವನ್ನೂ ಹಿಂದಿನ ದಿನ ನಾನೇ ಯಾರಿಗೂ ಹೇಳದೆ ತುಂಬಿಸಿದ್ದೆ.

ತೂಕದವನು ನನ್ನನ್ನೇ ನೋಡಿದ. "ನಿಮ್ಮ ಹೆದರಿಕೆಯೇ ಒಂದು ಕ್ವಿಂಟಾಲ್ ಉಂಟು ಮಾರಾಯ್ರೆ. ಅದನ್ನು ಇಲ್ಲೇ ಇಳಿಸಿ ಹೋಗಿ."

೩. ನೀರಿನಲ್ಲಿ ಚುಕ್ಕಿ

ಲಾರಿಗೆ ಜಿಪಿಎಸ್ ಉಂಟು. ನನ್ನ ಫೋನಿನ ನಕ್ಷೆಯಲ್ಲಿ ಅದೊಂದು ಕೆಂಪು ಚುಕ್ಕಿ. ಚುಕ್ಕಿ ಮಂಗಳೂರು ದಾಟಿತು, ಉಡುಪಿ ದಾಟಿತು, ಕುಂದಾಪುರವನ್ನೂ ದಾಟಿತು. ಒಂದು ಲೋಟ ನೀರು ಕುಡಿದು ಬಂದು ನೋಡುತ್ತೇನೆ, ಚುಕ್ಕಿಯ ಎಡಕ್ಕೆ ನೀಲಿ, ಬಲಕ್ಕೆ ನೀಲಿ! ಲಾರಿ ನೀರಿನಲ್ಲಿ ನಿಂತಿದೆ!

ಕೂಡಲೇ ಫೋನ್ ಮಾಡಿದೆ.

"ಭಾವಾ! ಬಾಗಿಲು ತೆರೆದು ಹೊರಗೆ ಹಾರು!"

"ಹಾರಿ ಆಯ್ತು. ಬೊಂಡದ ನೀರು ಕುಡೀತಾ ಇದ್ದೇನೆ. ಇದು ಮರವಂತೆ. ಒಂದು ಬದಿ ಸಮುದ್ರ, ಒಂದು ಬದಿ ಹೊಳೆ, ನಡುವೆ ರಸ್ತೆ. ಇಲ್ಲಿಗೇ ನೀನು ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕರ್ಕೊಂಡು ಬಂದಿದ್ದಲ್ವಾ? ಆಗಲೂ ಹೀಗೇ ಬೊಬ್ಬೆ ಹೊಡೆದಿದ್ದೆಯಾ?"

೪. ಬಾಗಿಲು

ಆಮೇಲೆ ನಾನು ಅರ್ಧ ಗಂಟೆಗೊಮ್ಮೆ ಫೋನ್ ಮಾಡತೊಡಗಿದೆ. ಮೂರನೇ ದಿನ ಭಾವನ ಫೋನು ಸ್ವಿಚ್ ಆಫ್ ಆಯಿತು. ಚುಕ್ಕಿ ಮಹಾರಾಷ್ಟ್ರದ ಒಂದು ಪಟ್ಟಣದ ಹೊರಗೆ ಬೆಳಿಗ್ಗೆ ಏಳಕ್ಕೆ ನಿಂತದ್ದು ಹತ್ತಾದರೂ ಅಲುಗಲಿಲ್ಲ. ಹನ್ನೊಂದಕ್ಕೂ ಇಲ್ಲ. ಅಷ್ಟರಲ್ಲಿ ಗಂಡನ ಫೋನು ಸಿಗದ ತಂಗಿ ಬಸ್ಸಿಳಿದು ಆಫೀಸಿಗೇ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಅವಳು ಬೈಯಲಿಲ್ಲ. ಅದನ್ನು ಕಂಡು ನನಗೆ ನಿಜವಾಗಿ ಜೀವ ಹೋದಂತಾಯಿತು.

ನಕ್ಷೆಯಲ್ಲಿ ಚುಕ್ಕಿಯ ಪಕ್ಕ ಒಂದು ಢಾಬಾ, ಅದರ ನಂಬರು ಕಂಡಿತು. ಫೋನ್ ಮಾಡಿ, ಆ ಲಾರಿಯನ್ನು ಒಮ್ಮೆ ನೋಡಿ ಎಂದು ನನ್ನ ಹರಕು ಹಿಂದಿಯಲ್ಲಿ ಕೈಮುಗಿದು ಬೇಡಿಕೊಂಡೆ. ಢಾಬಾದವನು ಪುಣ್ಯಾತ್ಮ. ಫೋನಿನ ಸ್ಪೀಕರು ಹಾಕಿಕೊಂಡು ಲಾರಿಯ ಹತ್ತಿರ ಹೋಗಿ, ಬಾಗಿಲು ಬಡಿದು, "ನಿಮ್ಮ ಭಾವ ಕಳಿಸಿದ್ದು" ಎಂದು ಹಿಂದಿಯಲ್ಲಿ ಕೂಗಿದ.

ಒಳಗಿನಿಂದ ಗುಡುಗಿದಂಥ ಸ್ವರ ಬಂತು. ಬದುಕಿದ್ದಾನೆ! ಮೊದಲು ಹಿಂದಿಯಲ್ಲಿ ಬೈದು, ಆಮೇಲೆ ಕನ್ನಡಕ್ಕೆ ಇಳಿದ.

"ತೆಗೀಲಿಕ್ಕಿಲ್ಲ! ಭಾವ ಕಳಿಸಿದ್ದು ಅಂತ ಹೇಳಿ ಬರುವವನೇ ಕಳ್ಳ ಅಂತ ನನ್ನ ಭಾವನೇ ಪಟ್ಟಿಯಲ್ಲಿ ಬರೆದು ಕೊಟ್ಟಿದ್ದಾನೆ!"

"ಭಾವಾ, ನಾನೇ ಮಾತಾಡುವುದು!" ಎಂದು ಕಿರುಚಿದೆ.

"ಈಗ ಧ್ವನಿಯನ್ನೂ ಹಾಗೇ ನಕಲು ಮಾಡ್ತಾರೆ. ಅದನ್ನೂ ಬರೆದಿದ್ದಾನೆ!"

ತಂಗಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ಬಾಗಿಲು ತೆಗೀತೀರಾ, ಅಲ್ಲ ನಾನು ಬರ್ಬೇಕಾ?"

ಚಿಲಕ ಸರಿದ ಸದ್ದು ತೋಡಾರಿನವರೆಗೆ ಕೇಳಿತು.

"ಏನಾಯ್ತು ನಿಮಗೆ?" ಎಂದಳು.

"ಏನೂ ಆಗ್ಲಿಲ್ಲ. ಹಗಲು ಪೇಟೆಯೊಳಗೆ ಲಾರಿ ಬಿಡುವುದಿಲ್ಲ, ಇಲ್ಲಿ ಎಂಟು ಗಂಟೆ ಮಲಗು ಅಂತ ನಿನ್ನ ಅಣ್ಣನೇ ಪಟ್ಟಿ ಮಾಡಿದ್ದು. ಅವನ ಫೋನಿನ ಕಾಟಕ್ಕೆ ಎರಡು ದಿನದಿಂದ ನಿದ್ದೆ ಇಲ್ಲ. ಅದಕ್ಕೇ ಆಫ್ ಮಾಡಿದೆ. ಇಲ್ಲದಿದ್ರೆ ಇವತ್ತು ಮತ್ತೆ ಸ್ಟೇರಿಂಗಿನಲ್ಲೇ ತೂಕಡಿಸ್ತಿದ್ದೆ."

ತಂಗಿ ಕಣ್ಣೊರೆಸಿಕೊಂಡಳು. "ಮಲಗಿ. ಯಾರು ಬಡಿದ್ರೂ ಏಳಬೇಡಿ," ಎಂದು ಫೋನು ಇಟ್ಟಳು. ಇಟ್ಟದ್ದು ನನ್ನ ಮೇಜಿನ ಮೇಲಲ್ಲ, ತನ್ನ ಬ್ಯಾಗಿನೊಳಗೆ.

"ಅಣ್ಣ, ಈ ದಾರಿಯಲ್ಲಿ ಅವರಿಗೆ ಇರುವ ಅಪಾಯ ಒಂದೇ. ಅದು ನೀನು."

ಲಾರಿ ಒಂದು ಗೀರೂ ಬೀಳದೆ ಹೋಗಿ ಬಂತು. ಅಷ್ಟು ದಿನವೂ ನನ್ನ ಫೋನು ಬೆಳುವಾಯಿಯಲ್ಲಿ, ಅವಳ ಅಕ್ಕಿ ಡಬ್ಬದೊಳಗೆ ಇತ್ತು.