ಮೂರು ಬ್ಯಾಂಡು, ಒಂದು ಶಾಲು

ರಾಕ್ ಗಿಟಾರಿಸ್ಟ್ ಆಗಲು ಮುಖ್ಯವಾಗಿ ಬೇಕಾದದ್ದು ಕಾನ್ಫಿಡೆನ್ಸ್. ಅದು ನನ್ನಲ್ಲಿ ಧಾರಾಳವಾಗಿತ್ತು. ಮುಂಬಯಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಪ್ರಾರ್ಥನೆಗೆಂದು ಗಿಟಾರು ಕಲಿಸಿದ್ದರು. ಮದುವೆಯಾಗಿ ಕುಂದಾಪುರದ ಮೀನು ವ್ಯಾಪಾರಿಯ ಮನೆ ಸೇರಿದ ಮೇಲೂ ನಾನದನ್ನು ಬಿಟ್ಟಿರಲಿಲ್ಲ. ನನ್ನ ಆಂಬಿಷನ್ ವೆರಿ ಮಾಡೆಸ್ಟ್. ಜನರೆದುರು ಒಂದೇ ಒಂದು ಸೋಲೋ, ಅಂದರೆ ಉಳಿದವರೆಲ್ಲ ಸುಮ್ಮನಿದ್ದು ನಾನೊಬ್ಬಳೇ ಬಾರಿಸುವುದು. ಶುರುವಿನಿಂದ ಕೊನೆತನಕ!

1997ರಲ್ಲಿ ಕುಂದಾಪುರದ ಬ್ಯಾಂಡೊಂದಕ್ಕೆ ಸೇರಿದೆ. ಪ್ರಾಕ್ಟೀಸು ನಮ್ಮ ಐಸ್ ಪ್ಲಾಂಟಿನ ಹಿಂದುಗಡೆ. ಮೊದಲ ದಿನವೇ ನಮ್ಮ ಯಜಮಾನರು ಏದುಸಿರು ಬಿಡುತ್ತಾ ಬಂದರು.

"ಎಂತ ಮರಾಯ್ತಿ ಇದ್? ಮಿಷನ್ ಹಾಳಾಯ್ತ್ ಅಂದ್ಕಂಡ್ ಓಡಿ ಬಂದೆ!"

"ಇದಕ್ಕೆ ಡಿಸ್ಟಾರ್ಷನ್ ಅಂತಾರೆ. ಬೇಕೆಂದೇ ಬರಿಸುವ ಶಬ್ದ."

"ಬೇಕಂದೇಯಾ?" ಎಂದವರು ಪಾಪ, ಮಿಷನ್ನಿಗೇ ಎಣ್ಣೆ ಬಿಡಲು ಹೋದರು.

ತ್ರಾಸಿ ಬೀಚಿನಲ್ಲಿ ನಮ್ಮ ಮೊದಲ ಶೋ. ಆಂಪ್ಲಿಫಯರಿಗೆ ಕರೆಂಟಿನ ಪಾಯಿಂಟು ಸಾಲದೆ, ನಾನು ಸ್ವಂತ ಬುದ್ಧಿಯಿಂದ ಪಕ್ಕದ ಜ್ಯೂಸ್ ಅಂಗಡಿಗೆ ವೈರು ಎಳೆಸಿದೆ. ಸೋಲೋ ಎತ್ತಿಕೊಂಡೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಚಿಕ್ಕು ಜ್ಯೂಸ್ ಕೇಳಿದರು. ಅಂಗಡಿಯವ ನನ್ನ ವೈರು ಕಿತ್ತು ಮಿಕ್ಸಿಯದನ್ನು ಸಿಕ್ಕಿಸಿದ. ನನ್ನ ಗಿಟಾರು ಸತ್ತಿತು, ಮಿಕ್ಸಿ ಹಾಡಿತು. ಜನ ಶಿಳ್ಳೆ ಹೊಡೆದರು. ಮಿಕ್ಸಿಗೆ! ಮುಂದಿನ ಪ್ರಾಕ್ಟೀಸು ಎಲ್ಲಿ ಎಂದು ಬ್ಯಾಂಡಿನವರು ನನಗೆ ಹೇಳಲೇ ಇಲ್ಲ.

ಕೆಲವು ವರ್ಷ ಕಳೆದು ಬ್ರಹ್ಮಾವರದ ಬ್ಯಾಂಡು. ಒಂದು ಮೆಹಂದಿ ಕಾರ್ಯಕ್ರಮ. ಶಾಮಿಯಾನದ ತುಂಬ ಜನ. ಇದೇ ರೈಟ್ ಟೈಮ್ ಎಂದು ಹಾಡುವವನಿಗೆ ಕಣ್ಸನ್ನೆ ಮಾಡಿ ಸೋಲೋ ಶುರುಮಾಡಿದೆ. "ಎರಡ್ನೇ ಹಂತಿ ಊಟಕ್ಕೆ ಬನ್ನಿ!" ಎಂದು ಹಿಂದಿನಿಂದ ಒಂದು ಕೂಗು. ಶಾಮಿಯಾನ ಖಾಲಿ! ಡ್ರಮ್ಮಿನವನೂ ಎದ್ದ.

"ನೀನೆಲ್ಲಿಗೆ?"

"ಕೋಳಿ ಸುಕ್ಕ ಮುಗಿತ್ತ್ ಅಕ್ಕಾ!"

ನನ್ನೊಳಗಿನ ಕಾನ್ವೆಂಟು ಕೆರಳಿತು. ಮೈಕಿನಲ್ಲೇ, "ಸಿಟ್ ಡೌನ್ ಎವ್ರಿಬಡಿ! ಮ್ಯಾನರ್ಸ್ ಇಲ್ವಾ?" ಎಂದು ಗದರಿದೆ. ಮದುಮಗಳ ಅಪ್ಪ ಬಂದು ಕೈಮುಗಿದರು. "ಅಕ್ಕಾ, ನೀವ್ ಊಟ ಮಾಡ್ಕಂಡೇ ಹೋಯ್ಕ್." ಒತ್ತು ಊಟದ ಮೇಲಿರಲಿಲ್ಲ, ಹೋಗಬೇಕು ಎಂಬುದರ ಮೇಲಿತ್ತು. ಆ ಬ್ಯಾಂಡೂ ಮುಗಿಯಿತು.

ಅರವತ್ತು ದಾಟಿದ ಮೇಲೆ ಬೈಂದೂರಿನ ಹುಡುಗರು ಕರೆದರು. ಇದು ಲಾಸ್ಟ್ ಚಾನ್ಸ್ ಎಂದು ನನಗೆ ಗೊತ್ತಿತ್ತು. ಯುವಕ ಸಂಘದ ವಾರ್ಷಿಕೋತ್ಸವ. ಸುಮ್ಮನೆ ಬಾರಿಸಿ ಬರಬಹುದಿತ್ತು. ಆದರೆ ನಾನು ಸೆಕ್ರೆಟರಿಯನ್ನು ಮೆಲ್ಲನೆ ಬದಿಗೆ ಕರೆದೆ.

"ಈ ಪ್ರಾಯದಲ್ಲಿ ರಾಕ್ ಬಾರಿಸುವವರು ನಮ್ಮ ಕಡೆ ಯಾರಿದ್ದಾರೆ ಹೇಳಿ? ಒಂದು ಚಿಕ್ಕ ಸನ್ಮಾನ ಇಟ್ಟರೆ ನಿಮ್ಮ ಸಂಘಕ್ಕೇ ಹೆಸರು."

"ಅದಕ್ಕೆಂತ ಅಕ್ಕಾ! ಮುಖ್ಯ ಅತಿಥಿಗಳ ಕೈಯಂಗೇ ಮಾಡ್ಸುವ."

"ಸೋಲೋ ಮುಗಿದ ಮೇಲೆ, ಪ್ಲೀಸ್."

ಆ ಸಂಜೆ ನಮ್ಮ ಯಜಮಾನರೂ ಮೊದಲ ಸಾಲಿನಲ್ಲಿ ಕೂತಿದ್ದರು. ಹುಡುಗರು ಬಾರಿಸುವುದನ್ನು ನಿಲ್ಲಿಸಿದರು. ನಾನು ಶುರುಮಾಡಿದೆ. ಬೆರಳುಗಳು, ದೇವರಾಣೆ, ಇಪ್ಪತ್ತರ ಹುಡುಗಿಯ ಬೆರಳಿನಂತೆ ಓಡಿದವು. ಕಣ್ಣು ತಾನಾಗಿ ಮುಚ್ಚಿತು. ಆಗ ಮೈಕಿನಲ್ಲಿ ಸೆಕ್ರೆಟರಿಯ ದನಿ!

"ಅತಿಥಿಗಳಿಗೆ ಇನ್ನೊಂದ್ ಸಭೆಗೆ ಹೋಪುಕಿತ್ತ್. ಹಾಂಗಾಯಿ ಸನ್ಮಾನ ಈಗ್ಳೇ!"

ಪ್ಲಾಸ್ಟಿಕ್ ಕುರ್ಚಿ ಬಂತು. "ಕೂಕಣಿ ಅಕ್ಕಾ" ಎಂದು ಹೆಗಲೊತ್ತಿ ಕೂರಿಸಿಯೇಬಿಟ್ಟರು. ಗಿಟಾರಿನ ಸಮೇತ ಶಾಲು ಹೊದಿಸಿದರು. ಪೇಟ ಹುಬ್ಬಿನತನಕ ಇಳಿಯಿತು. ಬಾರಿಸುತ್ತಿದ್ದ ಎರಡೂ ಕೈಗೆ ಹಣ್ಣಿನ ತಟ್ಟೆ ಕೊಟ್ಟರು. ವೇದಿಕೆಯ ನಡುಮಧ್ಯೆ ನಾನು, ನನ್ನ ಕಣ್ಣೆದುರು ಒಂದು ಅನಾನಸು! ಅವಸರದ ಅತಿಥಿಗಳು ಯುವಜನತೆ ಮತ್ತು ಸಂಸ್ಕೃತಿಯ ಕುರಿತು ಸವಿಸ್ತಾರವಾಗಿ ಮಾತಾಡಿದರು. ಆಮೇಲೆ ವಂದನಾರ್ಪಣೆ. ಆಮೇಲೆ ನಾಟಕದವರು ಪರದೆ ಕಟ್ಟಲು ಬಂದರು.

"ನೆಕ್ಸ್ಟ್ ಪ್ರಾಕ್ಟೀಸ್ ಯಾವಾಗ?" ವೈರು ಸುತ್ತುತ್ತಿದ್ದ ಬ್ಯಾಂಡಿನ ಲೀಡರನ್ನು ಕೇಳಿದೆ.

ಅವನು ಗಾಬರಿಯಾದ. "ಪ್ರಾಕ್ಟೀಸಾ? ಆಂಟಿ, ನಿಮ್ಗೆ ಸನ್ಮಾನ ಆಯ್ತಲ್ದಾ!" ಎಂದವನೇ ಕಾಲಿಗೆ ಬಿದ್ದ. ಹಿಂದೆಯೇ ಇಡೀ ಬ್ಯಾಂಡು ಸಾಲಾಗಿ ಬಿತ್ತು.

ನಮ್ಮ ಕಡೆ ಮೇಷ್ಟ್ರಿಗಾಗಲಿ ಪೋಸ್ಟ್‌ಮ್ಯಾನಿಗಾಗಲಿ ಶಾಲು ಬೀಳುವುದು ರಿಟೈರಾದ ದಿನ. ನನ್ನ ರಿಟೈರ್ಮೆಂಟನ್ನು ನಾನೇ ವಶೀಲಿ ಹಚ್ಚಿ ಮಾಡಿಸಿಕೊಂಡಿದ್ದೆ!

"ಲಾಯ್ಕ್ ಆಯ್ತ್ ಮರಾಯ್ತಿ," ಎಂದರು ಯಜಮಾನರು, ಬಸ್‌ಸ್ಟ್ಯಾಂಡಿನ ದಾರಿಯಲ್ಲಿ.

"ಸೋಲೋನಾ?" ಆಸೆಯಿಂದ ಕೇಳಿದೆ.

"ಅಲ್ಲ, ಅತಿಥಿಗಳ ಭಾಷಣ."

ನಾನು ಶಾಲು ಸರಿಮಾಡಿಕೊಂಡೆ. ರಿಟೈರ್ಡ್ ಆರ್ಟಿಸ್ಟುಗಳು ರಸ್ತೆಯಲ್ಲಿ ಜಗಳವಾಡಬಾರದು!