ನಲವತ್ತು ಸೆಕೆಂಡಿನ ಜಗಳ

ಬೀಗದ ಕೆಲಸ ಮಾಡುವವರಿಗೆ ಎರಡು ಬಗೆಯ ಜನ ಸಿಗುತ್ತಾರೆ. ಬೀಗವೇ ಬೇಡ ಅನ್ನುವವರು, ಕೀ ನನಗೂ ಒಂದು ಕೊಡು ಅನ್ನುವವರು. ನನಗೆ ದಿನಾ ಇಬ್ಬರೂ ಸಿಗುತ್ತಿದ್ದರು.

ರಾಜಾಜಿನಗರದ ಪಾತ್ರೆ ಅಂಗಡಿಯ ಮೇಲೆ ನಮ್ಮ ಕಂಪನಿ. ಅಂಗಡಿಗಳಲ್ಲಿ ಕಾರ್ಡ್ ಉಜ್ಜುವ ಮಷೀನು ಮಾಡುತ್ತಿದ್ದೆವು. ಕಾರ್ಡಿನ ವಿವರ ದಾರಿಯಲ್ಲಿ ಯಾರೂ ಓದದಂತೆ ಬೀಗ ಹಾಕುವ ಸಾಫ್ಟ್‌ವೇರನ್ನು ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟಿದ್ದರು. ನಮ್ಮ ಪುಟ್ಟ ಮಷೀನಿಗೆ ಅದು ಹೊಂದುತ್ತಿರಲಿಲ್ಲ. ಅದರ ಒಂದು ಪ್ರತಿ ತಂದು, ತಿದ್ದಿ, ನಮ್ಮದೇ ಅಂತ ಸಾಕಿದವಳು ನಾನು. ದಿನಾ ಮೂಡಲಪಾಳ್ಯದಿಂದ ಬಸ್ಸು ಹಿಡಿದು ಬಂದು, ಮೂರು ವರ್ಷ, ಒಬ್ಬಳೇ.

೧. ತುಳಸಿ ಕುಂಡ

ಸೇಲ್ಸ್‌ನ ಹಿರಿಯರು ಬಂದು, “ಏನಮ್ಮಾ, ಗಿರಾಕಿ ಪಾಸ್‌ವರ್ಡ್ ಮರೆತ್ರೆ ತೆಗೆಯೋಕೆ ನಮ್ಮ ಹತ್ರ ಒಂದು ಗುಟ್ಟಿನ ಕೀ ಇಟ್ಕೊಳೋಣ” ಅಂದರು.

“ಆಗಲ್ಲ ಸಾರ್. ಬೇಕಾದ್ರೆ ನಿಮ್ಮನೆ ಕೀ ನನಗೊಂದು ಕೊಡಿ, ನೋಡೋಣ.”

“ಕೊಡೋದೇನು? ಬಾಗಿಲ ಪಕ್ಕ ತುಳಸಿ ಕುಂಡದ ಕೆಳಗೇ ಇರುತ್ತೆ. ನಮ್ಮ ಬೀದೀಗೆಲ್ಲ ಗೊತ್ತು.”

ಅವತ್ತಿನಿಂದ ಅವರನ್ನು ನನ್ನ ಕೋಡಿನ ಹತ್ತಿರ ಬಿಟ್ಟುಕೊಳ್ಳಲಿಲ್ಲ.

೨. ಏಳು

ಬೀಗಕ್ಕೆ ಯಾರೂ ಊಹಿಸಲಾಗದ ಸಂಖ್ಯೆ ಬೇಕು. ಅದು ಸಿಗುವವರೆಗೆ, ಮಷೀನು ಆನ್ ಆದ ಮೇಲೆ ನಲವತ್ತು ಸೆಕೆಂಡ್ ಕಾಯಲಿ ಅಂತ ಒಂದು ಸಾಲು ಬರೆದಿದ್ದೆ. ಮ್ಯಾನೇಜರಿಗೆ ಆ ಸಾಲು ಕಂಡರೆ ಮೈ ಉರಿ.

“ಒಂದು ಸಂಖ್ಯೆಗೆ ಇಷ್ಟೊತ್ತು ಯಾಕಮ್ಮ? ನಾನೇ ಹೇಳ್ತೀನಿ, ಹಾಕ್ಕೋ. ಏಳು.”

“ನಿನ್ನೇನೂ ಏಳೇ ಹೇಳಿದ್ರಿ ಸಾರ್.”

೩. ಕೈ

ಧಾರವಾಡದಿಂದ ಹೊಸದಾಗಿ ಬಂದ ಸಹೋದ್ಯೋಗಿ, ಸ್ಲೋ ಆಯಿತೆಂದು ಆ ಸಾಲನ್ನೇ ತೆಗೆದುಬಿಟ್ಟ. ಪರೀಕ್ಷೆಗಿಟ್ಟ ಮಷೀನುಗಳೆಲ್ಲ ಕಾಯದೆ ಒಂದೇ ಸಂಖ್ಯೆ ಹಿಡಿದು ಒಂದೇ ಕೀ ಹುಟ್ಟಿಸಿದವು. ಒಂದಂಗಡಿಯ ಕೀಗೆ ಊರಿನ ಬೀಗವೆಲ್ಲ ತೆರೆಯುವ ಹಾಗಾಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಾಲನ್ನು ವಾಪಸ್ ಹಾಕಿ, ಅದರ ಮೇಲೊಂದು ಟಿಪ್ಪಣಿ ಬರೆದೆ. ಇಂಗ್ಲಿಷ್ ಅಕ್ಷರ, ಅಚ್ಚ ಕನ್ನಡ: ‘ಇದನ್ನ ಮುಟ್ಟಿದವನ ಕೈ ಮುರೀತೀನಿ’.

ಅವನು ಓದಿ ಹೇಳಿದ: “ಮುಂದಿನ ತಿಂಗಳ ನನ್ನ ಮದುವಿ ಐತ್ರಿ ಮೇಡಂ. ತಾಳಿ ಕಟ್ಟಾಕ ಕೈ ಬೇಕ್ರಿ.”

೪. ಅಸಲಿ

ಆ ನಲವತ್ತು ಸೆಕೆಂಡಿನ ಸಾಲನ್ನು, ಸಾಫ್ಟ್‌ವೇರನ್ನು ಪುಕ್ಕಟೆ ಬಿಟ್ಟ ಮೂಲದವರಿಗೂ ಕಳಿಸಿದೆ. ಟಿಪ್ಪಣಿ ಅಳಿಸಲು ಮರೆತಿದ್ದೆ. ಉತ್ತರವೇ ಬರಲಿಲ್ಲ, ನಾನೂ ವಿಚಾರಿಸಲಿಲ್ಲ.

ಎಷ್ಟೋ ತಿಂಗಳ ಮೇಲೆ ಮ್ಯಾನೇಜರ್ ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಿದರು. ಕನ್ನಡ ಬಾರದ ಮನುಷ್ಯ. “ಈ ಮನೆ ಅಡುಗೆ ಬಿಸಾಕಿ. ನಲವತ್ತು ಸೆಕೆಂಡ್ ಕಾಯೋದು ಯಾವ ಸೀಮೆ ಕೋಡು? ಈ ವಾರ ಮೂಲದವರೇ ಬಿಟ್ಟಿರೋ ಅಸಲಿ ತಗೊಳ್ಳಿ” ಅಂತ ಇಂಗ್ಲಿಷಿನಲ್ಲೇ ಅಂದರು. ಬಿಸಾಡುವ ಆದೇಶ ಟೈಪಾಗಿ ಮೇಜಿನ ಮೇಲಿತ್ತು. ನನ್ನ ಮೂರು ವರ್ಷ ಕಸದ ಬುಟ್ಟಿಗೆ.

“ಅಸಲಿಯಲ್ಲಿ ಆ ಜಾಗದಲ್ಲಿ ಏನಿದೆ, ತೋರಿಸಿ ಸಾರ್. ತೋರಿಸೋವರೆಗೂ ನಾನು ಏಳಲ್ಲ” ಅಂತ ಕುರ್ಚಿಯಲ್ಲೇ ಕೂತೆ.

ತಜ್ಞರು ತೆರೆದರು. ಅಲ್ಲೂ ನಲವತ್ತು ಸೆಕೆಂಡ್. ಅದರ ಮೇಲೆ ಅದೇ ಟಿಪ್ಪಣಿ, ಒಂದಕ್ಷರ ಬಿಡದೆ. ಮ್ಯಾನೇಜರ್ ಬಗ್ಗಿ ಓದಿದರು. ತುಟಿ ಕಚ್ಚಿಕೊಂಡು, ಆದೇಶವನ್ನು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟುಕೊಂಡರು.

ತಜ್ಞರು ಮಾತ್ರ ಕನ್ನಡಕ ಸರಿಮಾಡಿಕೊಂಡು, “ನೋಡಿ, ಇದು ಜರ್ಮನ್ ಇರಬೇಕು. ಎಷ್ಟು ಶಿಸ್ತು ಅವರದು” ಅಂದರು.

“ಜರ್ಮನ್ ಅಲ್ಲ ಸಾರ್,” ಅಂದೆ, “ಮೂಡಲಪಾಳ್ಯ.”