ಭೀಮಗೊಂಡನಿಗೊಂದು ತಾಡಪತ್ರಿ

ಆ ಫೋಟೋದಲ್ಲಿ ಭೀಮಗೊಂಡ ಒಂಚೂರು ನಕ್ಕಿದ್ದರೂ ಸಾಕಿತ್ತು, ಮುಂದಿನ ಅನಾಹುತವೆಲ್ಲ ತಪ್ಪುತ್ತಿತ್ತು. ಆದರೆ ಅದು ಸೊಸೈಟಿಯ ಪಾಸ್‌ಬುಕ್ಕಿಗೆಂದು ಅಥಣಿಯ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಫೋಟೋದವನು "ಅಲಗಾಡಬ್ಯಾಡ್ರಿ" ಅಂದದ್ದನ್ನು ಭೀಮಗೊಂಡ ಉಸಿರೂ ಬಿಡಬಾರದೆಂದು ತಿಳಿದುಕೊಂಡಿದ್ದ. ಕೊರಳಗುಂಡಿ ಹಾಕಿಕೊಂಡು, ತುಟಿ ಬಿಗಿದುಕೊಂಡು, ಈ ಲೋಕದ ಗೊಡವೆಯೇ ಬೇಡವೆಂಬಂತೆ ಕೂತಿದ್ದ.

ಅಸಲಿಗೆ ಅವನಿಗೆ ಬೇಕಾಗಿದ್ದದ್ದು ಫೋಟೋ ಅಲ್ಲ, ಮಳೆಗೆ ಹೊದಿಸಲು ಒಂದು ತಾಡಪತ್ರಿ. ವರ್ಷದ ದುಡಿಮೆಯೆಲ್ಲ ಒಣದ್ರಾಕ್ಷಿಯಾಗಿ, ಆ ಕಡೆಯವರ ಬಾಯಲ್ಲಿ ಮಣೂಕವಾಗಿ, ತೋಟದ ಶೆಡ್ಡಿನಲ್ಲಿ ಹರವಿಕೊಂಡಿತ್ತು. ಹಿಂದಿನ ದಿನದ ಗಾಳಿಗೆ ಶೆಡ್ಡಿನ ಮೇಲಿನ ಹೊದಿಕೆ ಹರಿದು ಚಿಂದಿಯಾಗಿತ್ತು. ಬೆಳಗ್ಗೆ ಎದ್ದು ನೋಡಿದರೆ ಕಾಗವಾಡದ ದಿಕ್ಕಿಗೆ ಮೋಡ ಕಟ್ಟುತ್ತಿದೆ. ತೊಯ್ದ ಮಣೂಕ ಕಪ್ಪಾಗುತ್ತದೆ, ಕಪ್ಪಾದದ್ದನ್ನು ವ್ಯಾಪಾರಿಗಳು ಮೂಸಿಯೂ ನೋಡುವುದಿಲ್ಲ. ಗಾಬರಿಯಿಂದ ಅಥಣಿಯ ಅಂಗಡಿಗಳಿಗೆ ಫೋನು ಮಾಡಿದ. ಎಲ್ಲ ಕಡೆಯೂ ತಾಡಪತ್ರಿ ಖಾಲಿ. ಮೋಡ ಎಲ್ಲರಿಗೂ ಕಂಡಿತ್ತಲ್ಲ!

ಪಕ್ಕದ ತೋಟದ ಮಾಳೇಶನ ತಾಡಪತ್ರಿ ಮಾಳೇಶನ ಮಣೂಕದ ಮೇಲೆಯೇ ಇತ್ತು. ಆದರೂ ಅವನು ದಾರಿ ತೋರಿಸಿದ.

"ದ್ರಾಕ್ಷಿ ಬಳಗದಾಗ ಕೇಳ್ರಿ ಕಾಕಾ. ನಿನ್ನೇನ ನಿಮ್ಮನ್ನ ಗ್ರೂಪಿಗೆ ಸೇರಿಸ್ಯಾರಲ್ಲ? ಬಳಗದ ಹೆಸರ್ಲೆ ತಗೊಂಡ ದೊಡ್ಡ ತಾಡಪತ್ರಿ ಅಡ್ಮಿನ್ ಬಾಬಾಸಾಹೇಬರ ಮನ್ಯಾಗ ಐತಿ. ಫೋನ್ ಮಾಡಿ ಕೇಳಬ್ಯಾಡ್ರಿ ಮತ್ತ, ಸಿಟ್ಟಾಗ್ತಾರ. ಗ್ರೂಪಿನ್ಯಾಗ ಕೇಳಬೇಕು."

ಮಗಳು ಮಯೂರಿ ಬಿಟ್ಟುಹೋದ ಹಳೆಯ ಫೋನಿನಲ್ಲಿ ಭೀಮಗೊಂಡ ಒಂದೊಂದೇ ಅಕ್ಷರ ಕುಟ್ಟಿದ: "ಮಣೂಕಕ್ಕೆ ತಾಡಪತ್ರಿ ಬೇಕು. ಮಳೆ ಬರುವುದರೊಳಗೆ."

ಅದರ ಕೆಳಗೆ ಗುಲಾಬಿ ಹೂ ಬಂತು, ಉದಯಿಸುವ ಸೂರ್ಯ ಬಂತು, ಶುಭೋದಯದ ಮೇಲೆ ಶುಭೋದಯ ಬಂತು. ಭೀಮಗೊಂಡನ ಸಂಕಟ ಹೂವಿನ ರಾಶಿಯಡಿ ಕಾಣದಂತಾಯಿತು. ಮತ್ತೆ ಮಾಳೇಶನಿಗೆ ಫೋನು ಮಾಡಿದ.

"ಹೊಸಬರು ಬಂದ ಕೂಡ್ಲೇ ಕೇಳಬಾರದ್ರಿ ಕಾಕಾ. ಮೊದಲ ಬಾಬಾಸಾಹೇಬರ ಶುಭೋದಯಕ್ಕ ಕೈ ಮುಗೀಬೇಕು. ಆಮ್ಯಾಲೆ ತಮ್ಮ ಫೋಟೋ ಹಾಕಬೇಕು. ಅದಾದಮ್ಯಾಲೆ ಕೇಳೂದು."

"ಇದೆಲ್ಲಾ ಎಲ್ಲಿ ಬರದೈತೋ?"

"ಎಲ್ಲೂ ಬರದಿಲ್ರಿ. ಎಲ್ಲಾರಿಗೂ ಗೊತ್ತೈತಿ."

ಎಲ್ಲರಿಗೂ ಗೊತ್ತಿರುವುದು ತನಗೊಬ್ಬನಿಗೇ ಗೊತ್ತಿಲ್ಲವೆಂದು ಭೀಮಗೊಂಡನಿಗೆ ನಾಚಿಕೆಯಾಯಿತು. ಕೈಮುಗಿದ ಚಿತ್ರ ಒತ್ತಿದ. ಆಮೇಲೆ ಪಾಸ್‌ಬುಕ್ಕಿನ ಫೋಟೋವನ್ನು ಫೋನಿನಲ್ಲಿ ಹಿಡಿದು, ಬರೆಯುವ ತಾಪತ್ರಯವೇಕೆಂದು ಹಾಗೆಯೇ ಹಾಕಿಬಿಟ್ಟ.

ಆ ಬಳಗದಲ್ಲಿ ಒಬ್ಬನೇ ಮನುಷ್ಯನ ಫೋಟೋ ಬಂತೆಂದರೆ ಎರಡೇ ಕಾರಣ. ಕಪ್ಪು ಕನ್ನಡಕ ಹಾಕಿಕೊಂಡು ನಗುತ್ತಿದ್ದರೆ ಅವನ ಹುಟ್ಟುಹಬ್ಬ. ನಗದಿದ್ದರೆ ಅವನು ಹೋದ. ಇದೂ ಎಲ್ಲೂ ಬರೆದಿರಲಿಲ್ಲ.

ಬಳಗದ ಹಿರಿಯ ಜಿನ್ನಪ್ಪ ಮಾಸ್ತರರಿಗೆ ಸುಖವಿರಲಿ ದುಃಖವಿರಲಿ ಎಲ್ಲರಿಗಿಂತ ಮೊದಲು ಬರೆಯುವುದೇ ಒಂದು ಚಟ. ಕನ್ನಡಕವಿಲ್ಲದೆಯೇ ಬರೆದರು: "ಭಾವಪೂರ್ಣ ಶ್ರದ್ಧಾಂಜಲಿ." ಮಾಸ್ತರರೇ ಬರೆದ ಮೇಲೆ ಉಳಿದವರು ಹಿಂದೆ ಬೀಳುವುದುಂಟೇ? ಶ್ರದ್ಧಾಂಜಲಿಗಳು ಧಬಧಬನೆ ಬಿದ್ದವು. ಒಬ್ಬರು ಮರಾಠಿಯಲ್ಲಿ ಅತ್ತರು. ಭೀಮಗೊಂಡನನ್ನು ಕಂಡೇ ಇರದ ಇನ್ನೊಬ್ಬರು ಅವನನ್ನು ಅಜಾತಶತ್ರು ಎಂದರು.

ಅಜಾತಶತ್ರು ಅಂಗಳದಲ್ಲಿ ಅರ್ಧ ಕುಡಿದ ಚಹಾದ ಬಟ್ಟಲು ಹಿಡಿದುಕೊಂಡು ತನ್ನ ಮರಣವನ್ನು ಓದುತ್ತಿದ್ದ.

"ನಾನು ಇದ್ದೇನೆ" ಎಂದು ಬರೆದ. ಯಾರೂ ಓದಲಿಲ್ಲ. ಒಬ್ಬ ಮಾತ್ರ ಅದಕ್ಕುತ್ತರವಾಗಿ "ಸದಾ ನಮ್ಮ ಹೃದಯದಲ್ಲಿ" ಎಂದು ಬರೆದ. ಸತ್ತದ್ದಾದರೂ ಇರಲಿ, ಮಣೂಕ ಉಳಿದರೆ ಸಾಕೆಂದು ಭೀಮಗೊಂಡ ಮತ್ತೊಮ್ಮೆ ತಾಡಪತ್ರಿ ಕೇಳಿದ. ಕಣ್ಣು ಮಿಟುಕಿಸುವುದರೊಳಗೆ ಆ ಮಾತು ಮಾಯವಾಯಿತು. ಅದರ ಹಿಂದೆಯೇ ಅಡ್ಮಿನ್‌ರ ಸೂಚನೆ ಬಂತು: "ಬಳಗದ ಬಂಧು ತೀರಿಕೊಂಡ ದುಃಖದಲ್ಲಿದ್ದೇವೆ. ಇಂಥ ಹೊತ್ತಿನಲ್ಲಿ ತಾಡಪತ್ರಿ ಕೇಳುವವರಿಗೆ ನಾಚಿಕೆಯಾಗಬೇಕು."

ಸಿಟ್ಟಾದರೂ ಆಗಲಿ ಎಂದು ಭೀಮಗೊಂಡ ಬಾಬಾಸಾಹೇಬರಿಗೆ ಫೋನು ಹಚ್ಚಿದ.

"ಸಾಹೇಬ್ರ, ನಾ ಭೀಮಗೊಂಡ. ಜೀವಂತ ಅದೀನ್ರಿ!"

"ಅದೀರಿ? ಚಲೋ ಆತು, ಬಾಳ ಸಂತೋಷ."

"ಹಂಗಾದ್ರ ಆ ಶ್ರದ್ಧಾಂಜಲಿ ಅಷ್ಟ ಅಳಿಸಿಬಿಡ್ರಿ."

"ಹೆಂಗ ಅಳಸೂದ್ರಿ? ಮಾಸ್ತರು ಬರದಾರ, ಸೊಸೈಟಿ ಚೇರಮನ್ನರು ಬರದಾರ. ಅವರ ಶ್ರದ್ಧಾಂಜಲಿ ನಾ ಅಳಿಸಿದ್ರ ಅವರ ಮಾನ ಏನಾಗಬೇಕು? ಜರಾ ಸಂಜೀ ಮಟಾ ತಡಕೋರಿ."

"ಮತ್ತ ಮಣೂಕ?"

ಫೋನು ಕಟ್ಟಾಗಿತ್ತು.

ಅಷ್ಟರಲ್ಲಿ ನೆರೆಯ ಅಕ್ಕವ್ವ ಬಾಗಿಲಲ್ಲೇ ಎದೆ ಬಡಿದುಕೊಂಡು ಅಳುತ್ತ ಬಂದಳು. ಎದುರಿಗೆ ಭೀಮಗೊಂಡನನ್ನು ಕಂಡು ಅಳು ನುಂಗಿದಳು, ಆಮೇಲೆ ಸಿಟ್ಟಿಗೆದ್ದಳು. "ಏನೋ ಭೀಮ್ಯಾ, ಕೈಯಾನ ರೊಟ್ಟಿ ಬಿಟ್ಟು ಓಡಿ ಬಂದೀನಿ, ಇದೇನ ಚ್ಯಾಷ್ಟಿ?" ಅವಳ ಹಿಂದೆ ಅಂಕಲಿಯಿಂದ ಷಡ್ಡಕ ಬಂದ, ಹಾರೂಗೇರಿಯಿಂದ ಸೋದರಮಾವ ಬಂದ. ಬಂದವರೆಲ್ಲ ಹೆಂಡತಿ ಸುಗಂಧಾ ಮಾಡಿಕೊಟ್ಟ ಚಹಾ ಕುಡಿದರು, ಫೋಟೋದಲ್ಲಿ ನಗಬೇಕಿತ್ತೆಂದು ಬುದ್ಧಿ ಹೇಳಿದರು, ಬಸ್ಸಿನ ಖರ್ಚು ದಂಡವಾಯಿತೆಂದು ಮುಖ ಗಂಟಿಕ್ಕಿಕೊಂಡು ಹೋದರು. ಸತ್ತ ಭೀಮಗೊಂಡನ ಮೇಲಿದ್ದ ಪ್ರೀತಿ ಬದುಕಿದ್ದವನನ್ನು ಕಂಡ ಕೂಡಲೇ ಆರಿಹೋಗುತ್ತಿತ್ತು. ತಾಡಪತ್ರಿಯ ಮಾತೆತ್ತಿದರೆ ಎಲ್ಲರೂ ಆಕಾಶ ನೋಡಿ "ಬರಂಗಿಲ್ಲ ಬಿಡ್ರಿ" ಅನ್ನುತ್ತಿದ್ದರು.

ಇಳಿಹೊತ್ತಿಗೆ ಮೋಡ ನೆತ್ತಿಯ ಮೇಲೇ ಬಂತು. ಹಳೆಯ ಸೀರೆ, ಗೋಣಿಚೀಲ, ಮನೆಯ ಕೌದಿ ಎಲ್ಲವನ್ನೂ ಹೊತ್ತುಕೊಂಡು ಗಂಡಹೆಂಡಿರು ಶೆಡ್ಡಿಗೆ ಓಡಿದರು. ಅದು ಒಂದು ಮೂಲೆಗೂ ಸಾಲಲಿಲ್ಲ. ಅದೇ ಹೊತ್ತಿಗೆ ಒಂದು ಟೆಂಪೋ ಬಂದು ತೋಟದ ಮನೆಯ ಮುಂದೆ ನಿಂತಿತು. ಅದರಿಂದ ಇಬ್ಬರು ಬೊಂಬು ಇಳಿಸಿದರು. ಆಮೇಲೆ, ಭೀಮಗೊಂಡ ತನ್ನ ಕಣ್ಣನ್ನೇ ನಂಬಲಿಲ್ಲ, ನೀಲಿ ಬಣ್ಣದ ದೊಡ್ಡ ಹೊಸ ತಾಡಪತ್ರಿ ಇಳಿಸಿದರು.

ಸುಗಂಧಾ ಎಲ್ಲವನ್ನೂ ಒಂದೇ ನೋಟಕ್ಕೆ ತಿಳಿದುಕೊಂಡಳು. ಗಂಡನ ತೋಳು ಹಿಡಿದು ಪಿಸುಗುಟ್ಟಿದಳು: "ನೀವು ಇಲ್ಲೇ ಕೂಡ್ರಿ. ಹೊರಗ ಮಾರಿ ತೋರಿಸಬ್ಯಾಡ್ರಿ."

ಆದರೆ ಭೀಮಗೊಂಡನಿಗೆ ಆನಂದ ತಡೆಯಲಾಗಲಿಲ್ಲ. "ಬಂತಲೇ ತಾಡಪತ್ರಿ!" ಎಂದು ಕೂಗುತ್ತ ಓಡಿಹೋಗಿ ಟೆಂಪೋದ ಸಂಜಯನನ್ನು ತಬ್ಬಿಕೊಂಡ. ಸಂಜಯ ಚೀರಿದ. ಆಮೇಲೆ ಅವನನ್ನು ಮುಟ್ಟಿ ನೋಡಿದ. ಕೊನೆಗೆ ಬಾಬಾಸಾಹೇಬರಿಗೆ ಫೋನು ಹಚ್ಚಿ ಭೀಮಗೊಂಡನ ಕಿವಿಗಿಟ್ಟ.

"ಅದು ನಿಮ್ಮ ಫೋನ್ ಬರೂದ್ಕ ಮೊದಲ ನೆರಳಿಗಂತ ಹೇಳಿದ್ದು ಭೀಮಗೊಂಡಣ್ಣ, ಸಂಜಯಗ ಬ್ಯಾಡಂತ ಹೇಳೂದ ಮರತೆ. ಸಾವಿನ ಮನ್ಯಾಗ ಮಂದಿ ಕುಂಡ್ರಾಕ. ನಿಮಗ ಹೆಂಗ ಕೊಡಾಕ ಬರ್ತೈತಿ?"

"ಒಂದ ರಾತ್ರಿ ಅಷ್ಟ ಸಾಹೇಬ್ರ. ಕಾಲ ಬೀಳ್ತೀನಿ."

"ಬದುಕಿದ್ದವರಿಗೆ ಕೊಟ್ರ ದಿನಾ ಒಬ್ರು ಬರ್ತಾರ್ರಿ. ಸತ್ತವರಾದ್ರ ಒಮ್ಮೆ ಅಷ್ಟ ಬರ್ತಾರ. ಬಳಗದ ಪದ್ಧತಿ ಅದು."

ಎಲ್ಲಿ ಬರೆದಿದೆ ಎಂದು ಭೀಮಗೊಂಡ ಈ ಸಲ ಕೇಳಲಿಲ್ಲ. ಸಂಜಯ ತಲೆ ತಗ್ಗಿಸಿಕೊಂಡು ತಾಡಪತ್ರಿ ಮಡಚಿದ, ಬೊಂಬು ಏರಿಸಿದ. ಟೆಂಪೋ ಡಾಂಬರು ರಸ್ತೆ ಮುಟ್ಟುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಕೌದಿಗಳು ನೀರು ಕುಡಿದು ಮಣೂಕದ ಮೇಲೆಯೇ ಕುಸಿದವು. ಭೀಮಗೊಂಡ ಒಂದು ಬೊಗಸೆ ತೆಗೆದು ನೋಡಿದ. ಬೆರಳ ಸಂದಿಯಿಂದ ಕಂದು ನೀರು ಇಳಿಯಿತು. ಅವನು ಅಲ್ಲಿಯೇ ಕೂತು ಅತ್ತುಬಿಟ್ಟ.

ಆಗ ಜೇಬಿನಲ್ಲಿ ಫೋನು ಟಿಣ್ ಟಿಣ್ ಎನ್ನತೊಡಗಿತು. ಸಂಜೆಯಾಗಿತ್ತು, ಬಾಬಾಸಾಹೇಬರು ಮಾತು ಉಳಿಸಿಕೊಂಡಿದ್ದರು. ಅದೇ ಬಿಗಿದ ತುಟಿಯ ಫೋಟೋ ಮತ್ತೊಮ್ಮೆ ಹಾಕಿ, "ಭೀಮಗೊಂಡಣ್ಣ ನಮ್ಮೊಡನೆ ಇದ್ದಾರೆ" ಎಂದು ಬರೆದು, ಸುತ್ತ ಹೂವಿನ ಚೌಕಟ್ಟು ಕಟ್ಟಿದ್ದರು. ಹೂ ಕಂಡ ಕೂಡಲೇ ಜಿನ್ನಪ್ಪ ಮಾಸ್ತರರು ಎಲ್ಲರಿಗಿಂತ ಮೊದಲು ಬರೆದಿದ್ದರು: "ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು." ಅದರ ಕೆಳಗೆ ಕೇಕು, ಪಟಾಕಿ, ನೂರು ವರ್ಷ ಬಾಳಿರೆಂಬ ಹರಕೆ ಒಂದರ ಹಿಂದೊಂದು ಬೀಳುತ್ತಲೇ ಇದ್ದವು.

ಭೀಮಗೊಂಡ ಫೋನು ಎತ್ತಿ ಬಾವಿಗೆ ಎಸೆಯಹೋದ. ಸುಗಂಧಾ ಅವನ ಕೈ ಹಿಡಿದಳು. ಸೆರಗಿನಿಂದ ಫೋನಿನ ಮೇಲಿನ ನೀರು ಒರೆಸಿ ಅವನ ಅಂಗೈಯಲ್ಲಿಟ್ಟಳು.

"ಎಲ್ಲಾರಿಗೂ ಕೈ ಮುಗೀರಿ," ಎಂದಳು. "ನಾಳೆ ಖರೇನ ಸತ್ರ ತಾಡಪತ್ರಿ ಬೇಕಲ್ಲ."